ಯಂತ್ರ ನುಂಗಿದ ‘ರಿ’

ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಒಂದು ರೊಟ್ಟಿ ಹಂಚಿನ ಮೇಲಿತ್ತು, ಇನ್ನೊಂದು ಕೈಯೊಳಗಿತ್ತು. ಹಿತ್ತಲ ಗೋಡೆಯ ಆಚೆಯಿಂದ ಬಾಜೂಮನೆಯ ಗಂಗಕ್ಕ ಕೂಗಿದಳು.

“ಏ ಯವ್ವಾ, ಕೇಳಿದ್ಯಾ? ನಿಮ್ಮ ಗಡಿಯಾರದಾವ್ರು ಹೋದ್ರಂತ.”

“ಯಾರ ಬೇ?”

“ಅದ, ಕ್ಯಾಸೆಟ್ ಕಾಕಾ. ಮುಂಜಾನೆ ಎದಿ ಹಿಡಕೊಂತಂತ. ಗದಗಕ್ಕ ಒಯ್ಯೂದರಾಗ ಮುಗದೈತಿ. ಈಗ ಮನಿಗೆ ತಂದಾರ.”

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಿ ಆಯಿತು. ತೆಗೆದು ಬಾಜೂಕ್ಕೆ ಇಟ್ಟೆ, ಒಲೆ ಆರಿಸಿದೆ. ಮೊದಲು ನೆನಪಾಗಬೇಕಾದದ್ದು ಅವರ ಹೆಂಡತಿ. ಆದರೆ ನನಗೆ ನೆನಪಾದದ್ದು ನಮ್ಮ ಮನೆಯ ಗಡಿಯಾರ. ಹನ್ನೆರಡಕ್ಕೆ ಅದು ಮಾತಾಡುತ್ತದೆ. ಮಾತಾಡುವುದು ಅವರ ದನಿಯಲ್ಲಿ. ಒಳಕೋಣೆಯಲ್ಲಿ ದೇವರ ಜಗಲಿಯ ಹತ್ತಿರ ಕುಳಿತು ನಮ್ಮ ಅತ್ತೆ ಆ ದನಿಗೆ ಕಿವಿಗೊಟ್ಟು ಕಾಯುತ್ತಿರುತ್ತಾರೆ. ಅವರಿಗೆ ಕಣ್ಣಿಲ್ಲ. ಆ ದನಿ ಹೇಳಿದ ಮೇಲೆಯೇ ಅವರಿಗೆ ಮಧ್ಯಾಹ್ನ, ಹೇಳಿದ ಮೇಲೆಯೇ ಗುಳಿಗೆ, ಆಮೇಲೆ ಊಟ. ಆ ದನಿಯ ಮನುಷ್ಯ ಇನ್ನಿಲ್ಲ ಎಂದು ನಾನೇ ಹೇಳಬೇಕು. ಹೇಳಿದ ಮೇಲೆ ಅವರು ಗಡಿಯಾರದ ಮಾತು ಕೇಳುತ್ತಾರೋ, ಹಿಂದೆ ಒಮ್ಮೆ ಮಾಡಿದಂತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಇಡು ಅನ್ನುತ್ತಾರೋ, ಯಾರಿಗೆ ಗೊತ್ತು. ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಒಲೆಯ ಮುಂದೆ ಕುಳಿತೆ.

ಕ್ಯಾಸೆಟ್ ಕಾಕಾ ಅಂದರೆ ನಮ್ಮ ಶಲವಡಿಯಲ್ಲಿ ಎಲ್ಲರಿಗೂ ಗೊತ್ತು. ಬಸ್ಸು ನಿಲ್ಲುವಲ್ಲಿ ಒಂದು ಶಟರಿನ ಅಂಗಡಿ. ನಾನು ಸೊಸೆಯಾಗಿ ಬಂದಾಗ ಅಲ್ಲಿ ಕ್ಯಾಸೆಟ್ ತುಂಬಿ ಕೊಡುತ್ತಿದ್ದರು. ಆಮೇಲೆ ಮೊಬೈಲಿನ ಕಾರ್ಡಿಗೆ ಹಾಡು ತುಂಬಿದರು. ಆ ಕೆಲಸವೂ ನಿಂತಿತು, ಎಲ್ಲರ ಕೈಯಲ್ಲೂ ಹಾಡು ತಾನಾಗಿಯೇ ಬರತೊಡಗಿತು. ಆದರೆ ಅಂಗಡಿಯ ಶಟರು ಕೆಳಗೆ ಬರಲಿಲ್ಲ. ಮಾತಾಡುವ ಯಂತ್ರಗಳಿಗೆ ನಮ್ಮ ಮಾತು ಕಲಿಸುವ ಕೆಲಸ ಹಿಡಿದರು. ‘ವಾಯ್ಸ್ ಪ್ಯಾಕ್’ ಅನ್ನುತ್ತಿದ್ದರು ಅದಕ್ಕೆ. ಕಂಪನಿಯವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತು ತುಂಬಿ ಕಳಿಸಿದ ಯಂತ್ರಕ್ಕೆ, ಆ ದನಿ ತೆಗೆದು, ನಮ್ಮ ಕಡೆಯ ಮಾತು ರೆಕಾರ್ಡ್ ಮಾಡಿ, ಯಂತ್ರಕ್ಕೆ ಒಗ್ಗುವ ಹಾಗೆ ಬದಲಿಸಿ ಹಾಕುವುದು.

ಬೇಸಿಗೆಯಲ್ಲೂ ಕೊರಳಿಗೆ ಒಂದು ಮಫ್ಲರ್ ಸುತ್ತಿರುತ್ತಿದ್ದರು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಮೆಮೊರಿ ಕಾರ್ಡ್ ಮುಟ್ಟುವ ಮುಂಚೆ ಮಫ್ಲರಿನ ತುದಿಗೆ ಕೈ ಒರೆಸಿಕೊಳ್ಳುತ್ತಿದ್ದರು, ನಾವು ದೇವರ ಜಗಲಿ ಮುಟ್ಟುವ ಮುಂಚೆ ಸೆರಗಿಗೆ ಒರೆಸಿಕೊಳ್ಳುತ್ತೇವಲ್ಲ, ಹಾಗೆ. ಅಂಗಡಿಯ ಗೋಡೆಗೆ ಕಣ್ಣು ಮುಚ್ಚಿ ಕುಳಿತ ಬುದ್ಧನ ಒಂದು ಪಟ, ಅದರ ಬಾಜೂಕ್ಕೆ ನೀಲಿ ಕೋಟಿನ ದೊಡ್ಡವರ ಪಟ. ಒಂದು ಸೋಮವಾರ ನಾನು ಗುಡಿಯಿಂದ ಬರುತ್ತಾ ಅಲ್ಲಿ ನಿಂತವಳು, ಕೈಯಲ್ಲಿದ್ದ ಪ್ರಸಾದ ಕೊಡಬೇಕೋ ಬೇಡವೋ ಅಂತ ಅನುಮಾನಿಸಿದೆ. ಅವರೇ ಎರಡೂ ಕೈ ಚಾಚಿದರು.

“ಕೊಡ್ರಿ ಅಕ್ಕಾರ. ಕೈ ಮುಗಿಯೂದು ನನಗ ಬರಂಗಿಲ್ಲ. ಬಾಳೆಹಣ್ಣು ತಿನ್ನೂದು ಬರ್ತೈತಿ.”

ನಾನು ನಕ್ಕೆ, ಅವರೂ ನಕ್ಕರು. ದೇವರ ವಿಷಯದಲ್ಲಿ ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ. ಆ ಮೇಲೆ ಪ್ರತಿ ಸೋಮವಾರ ಒಂದು ಹಣ್ಣು ಅವರಿಗೆ ಹೆಚ್ಚಿಗೆ ಇಸಿದುಕೊಳ್ಳುತ್ತಿದ್ದೆ.

ಅವರಿಗೆ ದನಿ ಬಂದದ್ದು ಅಪ್ಪನಿಂದ. ಅಪ್ಪ ಊರಿಗೆ ಡಂಗುರ ಸಾರುವವನು. ಹಲಗೆ ಬಡಿಯುತ್ತಾ ಓಣಿ ಓಣಿ ತಿರುಗಿ, ನಾಳೆ ಕೆರೆಗೆ ನೀರು ಬಿಡುತ್ತಾರೆ, ನಾಡಿದ್ದು ಪಂಚಾಯ್ತಿ ಸಭೆ ಐತಿ ಅಂತ ಕೂಗಿ ಹೇಳುತ್ತಿದ್ದನಂತೆ. ಮಗ ಅದನ್ನೇ ಮೈಕಿನಲ್ಲಿ ಮಾಡಿದರು. ಪೋಲಿಯೋ ಹನಿ ಹಾಕುವ ದಿನ, ಕರೆಂಟ್ ಇರದ ದಿನ ಊರೆಲ್ಲ ಕೇಳುತ್ತಿದ್ದದ್ದು ಅವರ ದನಿ. ದೊಡ್ಡ ದನಿ, ಬಾವಿಯೊಳಗಿಂದ ಬಂದಂಥದ್ದು. ಆದರೆ ಮಾತಿನ ಕೊನೆಯ ‘ರಿ’ ಮಾತ್ರ ಅಗದಿ ಮೆತ್ತಗೆ. “ಎಲ್ಲಾರೂ ಮಕ್ಕಳನ್ನ ಕರಕೊಂಡು ಬರ್ರಿ” ಅಂದರೆ ‘ಬರ್’ ಊರ ಅಗಸಿ ಬಾಗಿಲಿಗೆ ಕೇಳಿಸುತ್ತಿತ್ತು, ‘ರಿ’ ಪಕ್ಕದಲ್ಲಿ ನಿಂತವರಿಗೆ ಮಾತ್ರ. ಯಾಕೆ ಹೀಗೆ ಅಂತ ಒಮ್ಮೆ ಕೇಳಿದ್ದೆ.

“ನಮ್ಮಪ್ಪ ಹೇಳ್ತಿದ್ದ್ರಿ. ರಿ ಅನ್ನೂದು ಒದರೂ ಅಕ್ಷರ ಅಲ್ಲ, ಮೆತ್ತಗ ಇಡೂ ಅಕ್ಷರ. ತಾಟಿನ ಬಾಜೂಕ ಉಪ್ಪು ಇಟ್ಟಂಗ.”

ಆ ಮೆತ್ತಗಿನ ರಿಯೇ ಮುಂದೆ ನಮ್ಮ ಮನೆಯಲ್ಲಿ ಜಗಳಕ್ಕೆ ಕಾರಣವಾಯಿತು.

ಅದಕ್ಕೂ ಮುಂಚಿನ ಒಂದೆರಡು ಮಾತು ಹೇಳಬೇಕು. ಊರಿನ ಶುದ್ಧ ನೀರಿನ ಘಟಕದ ಯಂತ್ರ ಮೊದಲು ಹಿಂದಿಯಲ್ಲಿ ಮಾತಾಡುತ್ತಿತ್ತು. ಏನನ್ನುತ್ತದೆಂದು ತಿಳಿಯದೆ ಹೆಂಗಸರು ಕೊಡ ಇಡುವ ಮುಂಚೆಯೇ ನಾಣ್ಯ ಹಾಕಿ, ನೀರು ನೆಲಕ್ಕೆ ಹರಿದು, ಯಂತ್ರಕ್ಕೆ ಶಾಪ ಹಾಕುತ್ತಿದ್ದರು. ಪಂಚಾಯ್ತಿಯವರು ಕಾಕಾನ ಕಡೆ ಬಂದರು. ಅವರು “ಕೊಡ ಸರಿಯಾಗಿ ಇಡ್ರಿ”, “ನಾಣ್ಯ ಹಾಕ್ರಿ”, “ನೀರು ಮುಗದೈತ್ರಿ, ನಾಳೆ ಬರ್ರಿ” ಅಂತ ತುಂಬಿ ಕೊಟ್ಟರು. ಪ್ರತಿ ಮಾತಿಗೂ ಒಂದು ಫೈಲ್, ಪ್ರತಿ ಫೈಲಿಗೂ ಯಂತ್ರ ಗುರುತಿಸುವ ಹೆಸರು. ಎರಡು ಹೆಸರು ಅದಲು ಬದಲಾಗಿಬಿಟ್ಟವು. ಗಂಗಕ್ಕ ಕೊಡ ಇಟ್ಟ ತಕ್ಷಣ ಯಂತ್ರ “ನೀರು ಮುಗದೈತ್ರಿ, ನಾಳೆ ಬರ್ರಿ” ಅಂತು. ಹಾಗನ್ನುತ್ತಲೇ ಧಾರಾಳವಾಗಿ ನೀರು ಬಿಟ್ಟಿತು.

“ಬಾಯಾಗ ಇಲ್ಲ ಅಂತೀ, ಕೈಲೆ ಕೊಡ್ತೀ. ನಮ್ಮ ಅತ್ತಿಗಿಂತ ಚಲೋ ಇದ್ದೀ ಬಿಡು” ಅಂದಳು ಗಂಗಕ್ಕ ಯಂತ್ರಕ್ಕೆ. ಸರದಿಯಲ್ಲಿ ನಿಂತವರೆಲ್ಲ ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಸರಿಮಾಡಿದ ಮೇಲೂ ಸಂಜೆಯ ತನಕ ಅಲ್ಲೇ ನಿಂತು, ಬಂದವರಿಗೆಲ್ಲ “ತಪ್ಪಾಗಿತ್ರಿ, ಈಗ ಸರಿ ಐತ್ರಿ” ಅಂತ ಹೇಳಿದರು.

ಇನ್ನೊಮ್ಮೆ ನಾನು ಅಂಗಡಿಯಲ್ಲಿ ಇದ್ದಾಗಲೇ ಒಬ್ಬ ಟ್ರ್ಯಾಕ್ಟರಿನವ ಬಂದ. ಟ್ರ್ಯಾಕ್ಟರ್ ಹಿಂದಕ್ಕೆ ಸರಿಯುವಾಗ ಕೂಗುವ ಪೆಟ್ಟಿಗೆಗೆ ಕನ್ನಡ ಹಾಕಬೇಕಾಗಿತ್ತು.

“ಕಾಕಾ, ‘ಸರೀಲೇ, ಸಾಯ್ತೀ’ ಅಂತ ಹಾಕ್ರಿ. ಮಂದಿ ಅಂಜಿ ಓಡಬೇಕು.”

“‘ಹಿಂದ ಸರೀರಿ, ಗಾಡಿ ಬರಾಕತ್ತೈತಿ’ ಅಂತ ಹಾಕ್ತೇನಿ.”

“ರಿ ಅಂದ್ರ ಯಾರ ಸರೀತಾರ ಕಾಕಾ ಈ ಊರಾಗ?”

“ಹಂಗಾದ್ರ ನೀವ ಕೆಳಗ ಇಳದು ಲೇ ಅಂತ ಒದರ್ರಿ. ನನ್ನ ಕಡೆ ಲೇ ಇಲ್ಲ. ದಾಸ್ತಾನ ಇಟ್ಟಿಲ್ಲ.”

ಅವ ಗೊಣಗುತ್ತಾ ರಿಯನ್ನೇ ಒಯ್ದ. ಇವತ್ತಿಗೂ ಆ ಟ್ರ್ಯಾಕ್ಟರ್ ನಮ್ಮ ಓಣಿಗೆ ಬಂದರೆ ನಾಯಿಗಳಿಗೂ ರಿ ಹಚ್ಚಿ ಮಾತಾಡಿಸುತ್ತದೆ.

ನಮ್ಮ ಅತ್ತೆಗೆ ಕಣ್ಣೊಳಗೆ ಒತ್ತಡ ಏರುವ ಕಾಚಬಿಂದು ಆಗಿ ಕಣ್ಣು ಹೋದದ್ದು ಮೆಲ್ಲಗೆ. ಮೊದಲು ಬದಿಯ ನೋಟ ಹೋಯಿತು, ಆಮೇಲೆ ನಡುವಿನದೂ ಹೋಯಿತು. ಕಣ್ಣಿಗಿಂತ ಅವರಿಗೆ ಹೆಚ್ಚು ನೋವಾದದ್ದು ಹೊತ್ತು ಕಳೆದುಕೊಂಡದ್ದು. ನಸುಕೋ ಸಂಜೆಯೋ ತಿಳಿಯುತ್ತಿರಲಿಲ್ಲ. ಉಂಡು ಎದ್ದ ಸ್ವಲ್ಪ ಹೊತ್ತಿಗೇ “ಇವತ್ತ ಉಣ್ಣಾಕ ಕೊಟ್ಟಿಲ್ಲಲಾ ನೀ” ಅನ್ನುತ್ತಿದ್ದರು. ಪೂಜೆಯಾಗದೆ ನೀರು ಮುಟ್ಟದ ಹೆಂಗಸು, ಪೂಜೆ ಆಯಿತೋ ಇಲ್ಲವೋ ಅಂತ ತಾನೇ ಅನುಮಾನಿಸುತ್ತಿದ್ದರು. ಅದರ ಮೇಲೆ ಸಕ್ಕರೆ ಬೇನೆ. ಗುಳಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕು, ಊಟ ಅದರ ಬೆನ್ನಿಗೇ ಆಗಬೇಕು. ನಾನು ಹೇಳಿದರೆ ನಂಬುತ್ತಿರಲಿಲ್ಲ. “ನಿನಗ ಕೆಲಸ ಮುಗಿಸೂ ಅವಸರ. ಅದಕ್ಕ ಲಗೂನ ಉಣ್ಣ ಅಂತೀ” ಅನ್ನುತ್ತಿದ್ದರು. ನಾನು ಹೊಲಕ್ಕೋ ಡೈರಿಗೋ ಹೋದಾಗಂತೂ ಮನೆಯಲ್ಲಿ ಹೇಳುವವರೇ ಇರಲಿಲ್ಲ.

ನಮ್ಮ ಮನೆಯವರು ಹುಬ್ಬಳ್ಳಿಯಿಂದ ಮಾತಾಡುವ ಗಡಿಯಾರ ತಂದರು. ಅದು ಹಿಂದಿಯಲ್ಲಿ ಮಾತಾಡಿತು. “ಅದೇನು ಒದರತೈತಿ, ಬಾಯಿ ಮುಚ್ಚಿಸ್ರಿ” ಅಂದರು ಅತ್ತೆ. ಅದರ ಹಿಂದೆ ಕಾರ್ಡ್ ಹಾಕುವ ಸಣ್ಣ ಸೀಳು ಇತ್ತು. ನಮಗೆ ಬೇಕಾದ ಮಾತು ಹಾಕಿಕೊಳ್ಳಬಹುದು ಅಂತ ಅಂಗಡಿಯವ ಹೇಳಿದ್ದನಂತೆ. ನಮ್ಮ ಮನೆಯವರು ಫೋನಿನಲ್ಲಿ ತಮ್ಮದೇ ದನಿ ರೆಕಾರ್ಡ್ ಮಾಡಿ ಕಾರ್ಡಿಗೆ ಹಾಕಿದರು. ಗಡಿಯಾರ ‘ಟಿಕ್’ ಅಂದು ಸುಮ್ಮನಾಯಿತು. ಕಾರ್ಡ್ ತೆಗೆದುಕೊಂಡು ನಾನು ಕಾಕಾನ ಅಂಗಡಿಗೆ ಹೋದೆ.

ಅವರು ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದರು. “ದನಿ ಚಲೋ ಐತ್ರಿ ಅಕ್ಕಾರ. ನಮೂನಿ ಬ್ಯಾರೆ ಐತಿ.”

“ನಮೂನಿ ಅಂದ್ರ?”

“ನೀವು ಗಿರಣಿಗೆ ಜ್ವಾಳ ಒಯ್ತೀರಿ. ರೊಟ್ಟಿಗೆ ಅಂದ್ರ ಸಣ್ಣಗ ಬೀಸ್ತಾರ, ನುಚ್ಚಿಗೆ ಅಂದ್ರ ಒಡದು ಕೊಡ್ತಾರ. ಜ್ವಾಳ ಒಂದ, ಬೀಸೂದು ಬ್ಯಾರೆ. ಫೋನು ಮಾತನ್ನ ಒತ್ತಿ ಒತ್ತಿ ತುಂಬಿ ಇಡ್ತೈತಿ, ಜಾಗಾ ಉಳೀಲಿ ಅಂತ. ಈ ಬಡ ಗಡಿಯಾರಕ್ಕ ಆ ಗಂಟು ಬಿಚ್ಚಾಕ ಬರಂಗಿಲ್ಲ. ನಾವ ಬಿಚ್ಚಿ, ಅದು ಉಣ್ಣೂ ನಮೂನಿಗೆ ತಂದು ಕೊಡಬೇಕು.”

ಹಾಗೆ ಮಾಡಿಕೊಟ್ಟರು. ಗಡಿಯಾರ ಮಾತಾಡಿತು, ನಮ್ಮ ಮನೆಯವರ ದನಿಯಲ್ಲಿ. ನನಗೆ ಹಿಗ್ಗು. ಆದರೆ ಅತ್ತೆ “ಮಗಾ, ಬಂದ್ಯಾ?” ಅಂತ ಎದ್ದು ದನಿಯ ಕಡೆ ನಡೆದರು. ಮಗ ಹೊಲದಲ್ಲಿದ್ದ. ಕಂಬಕ್ಕೆ ಹಣೆ ಬಡಿಯಿತು. ನೆತ್ತರು ಬರಲಿಲ್ಲ, ಅದೂ ಒಂದು ದೇವರ ದಯೆ. ಆದರೆ “ಕರದ್ರ ಓ ಅನ್ನಂಗಿಲ್ಲಲಾ ನನ್ನ ಮಗಾ” ಅಂತ ಅವರು ಅತ್ತದ್ದಕ್ಕೆ ನನ್ನ ಕಡೆ ಔಷಧ ಇರಲಿಲ್ಲ. ನನ್ನ ದನಿ ಹಾಕಿದರೂ ಇದೇ ಆಗುತ್ತಿತ್ತು. ಮರಳಿ ಅಂಗಡಿಗೆ ಹೋದೆ.

“ಮನ್ಯಾಗಿನ ದನಿ ಬ್ಯಾಡ್ರಿ ಹಂಗಾದ್ರ,” ಅಂದರು ಕಾಕಾ. ಕೈಯಲ್ಲಿದ್ದ ಕಾರ್ಡ್ ಮೇಜಿನ ಮೇಲಿಟ್ಟರು. “ನನ್ನ ದನಿ ಹಾಕಬಹುದು. ಅಮ್ಮಾರಿಗೆ ಮೊದಲಿಂದ ಕಿವಿಗೆ ಬಿದ್ದ ದನಿ. ಆದ್ರ ಒಂದು ಮಾತು ಅವರನ್ನ ಕೇಳ್ರಿ ಅಕ್ಕಾರ.”

ಅವರು ಯಾಕೆ ಹಾಗೆ ಅಂದರು ಅಂತ ನನಗೆ ಗೊತ್ತಿತ್ತು, ಹಳ್ಳಿಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಗೊತ್ತಾಗುತ್ತದೆ. ಅವರ ಮನೆ ಕೆಳಗಿನ ಕೇರಿಯಲ್ಲಿ. ನಮ್ಮ ಮನೆಗೆ ಬಂದರೆ ಅವರು ಕಟ್ಟೆಯ ಮೇಲೆ ಕುಳಿತುಕೊಳ್ಳುವವರು. ಕಟ್ಟೆಯ ಕಿಟಕಿಯಲ್ಲಿ ಬೇರೆ ಒಂದು ಸ್ಟೀಲಿನ ಲೋಟ ಇರುತ್ತಿತ್ತು. ಅತ್ತೆಯ ಕಾಲದಿಂದ ಇದ್ದದ್ದು. ಆ ದನಿ ಈಗ ದೇವರ ಜಗಲಿಯ ಬಾಜೂಕ್ಕೆ ಕುಳಿತು ಮಾತಾಡಬೇಕು. ನಾನು ಅತ್ತೆಯನ್ನು ಕೇಳಿದರೆ ಬೇಡ ಅನ್ನುತ್ತಾರೆ. ಬೇಡ ಅಂದರೆ ಗುಳಿಗೆ ತಪ್ಪುತ್ತದೆ.

“ಹಾಕ್ರಿ,” ಅಂದೆ.

ಮರುದಿನ ಮುಂಜಾನೆ ಗಡಿಯಾರ ಮಾತಾಡಿತು.

“ಅಮ್ಮಾರ, ಏಳು ಹೊಡೀತು. ಗುಳಗಿ ತಗೋ.”

ಅತ್ತೆ ಜಪ ಮಾಡುತ್ತಿದ್ದವರು ಕೈ ನಿಲ್ಲಿಸಿದರು. “ಇದು ಯಾರ ದನಿ?”

ನಾನು ಗುಳಿಗೆಯ ಡಬ್ಬಿ ಅವರ ಮುಂದೆ ಸರಿಸಿದೆ.

“ಆ ಡಂಗುರದವನ ಮಗಂದಲ್ಲೇನು ಇದು? ಅಂವ ನನಗ ‘ತಗೋ’ ಅಂತಾನ? ನನ್ನ ಗಂಡ ಅಂದಿಲ್ಲ ಮಂದಿ ಮುಂದ ನನಗ ತಗೋ ಅಂತ. ಅಂವ ಅಂತಾನ?”

“ಅವರು ಹಂಗ ಅನ್ನಾವ್ರಲ್ರಿ ಅತ್ತೀ. ಎಲ್ಲೋ...”

“ನನಗ ಕಣ್ಣಿಲ್ಲ, ಕಿವಿ ಅದಾವು. ತಗಿ ಅದನ್ನ.”

ಗಡಿಯಾರವನ್ನು ಹಳೆಯ ಸೀರೆಯಲ್ಲಿ ಸುತ್ತಿಸಿ ಜೋಳದ ಡ್ರಮ್ಮಿನ ಹಿಂದೆ ಇಡಿಸಿದರು. ಆ ಸಿಟ್ಟಿಗೆ ಗುಳಿಗೆಯನ್ನೂ ಬಿಟ್ಟರು. ನಾನು ಕೈಯಲ್ಲಿ ಹಿಡಿದು ಕೊಟ್ಟರೆ ಬಾಯಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋಗಿ ಉಗುಳುತ್ತಿದ್ದರು. ಕೆಲವು ದಿನಕ್ಕೆ ಬಚ್ಚಲಲ್ಲಿ ಕುಸಿದರು. ಅಣ್ಣಿಗೇರಿಗೆ ಒಯ್ದೆವು. ಅಲ್ಲಿನ ಡಾಕ್ಟರು, ಇನ್ನೊಮ್ಮೆ ಹೀಗೆ ಗುಳಿಗೆ ತಪ್ಪಿದರೆ ತಮ್ಮ ಕೈಯಲ್ಲಿ ಇರುವುದಿಲ್ಲ ಅಂದರು. ಎಲುಬು ಮುರಿದಿರಲಿಲ್ಲ. ಅದೊಂದು ಪುಣ್ಯ ಎಂದು ನಾನು ಎಣಿಸಿಕೊಂಡೆ. ಹೀಗೆ ಎಣಿಸಿಕೊಳ್ಳದಿದ್ದರೆ ನಮ್ಮಂಥವರಿಗೆ ದಿನ ಕಳೆಯುವುದಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ಕಾಕಾ ಕಟ್ಟೆಗೆ ಬಂದರು. ಸುದ್ದಿ ಮುಟ್ಟಿತ್ತು. ನಾನು ಗಡಿಯಾರ ತಂದು ಕೊಟ್ಟೆ. ಒತ್ತಿದರು. “ಗುಳಗಿ ತಗೋ” ಅಂತು ಅದು. ಇನ್ನೊಮ್ಮೆ ಒತ್ತಿದರು. ಗಡಿಯಾರವನ್ನು ಕಿವಿಗೆ ಹಚ್ಚಿಕೊಂಡು ಕೇಳಿದರು.

“ನಾ ‘ತಗೋರಿ’ ಅಂದೇನ್ರಿ ಅಕ್ಕಾರ. ನನ್ನ ರಿ ಎಲ್ಲಿ ಹೋತು?”

ಲವಂಗ ಉಗುಳಿ, ಗಡಿಯಾರವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. ಫೈಲ್ ಬದಲಿಸುವ ಯಂತ್ರಕ್ಕೆ ಒಂದು ಕೆಲಸ ವಹಿಸಿದ್ದರಂತೆ. ಮಾತು ಮುಗಿದ ಮೇಲೆ ಉಳಿಯುವ ಖಾಲಿ ಜಾಗವನ್ನು ತಾನೇ ಕತ್ತರಿಸಿ ಹಾಕುವುದು, ಫೈಲ್ ಸಣ್ಣದಾಗಲಿ ಅಂತ. ಯಾವ ದನಿ ಬಹಳ ಮೆತ್ತಗೆ ಇದೆಯೋ ಅದು ಯಂತ್ರಕ್ಕೆ ದನಿಯೇ ಅಲ್ಲ, ಖಾಲಿ ಜಾಗ. ಅವರ ರಿ ಅಷ್ಟು ಮೆತ್ತಗೆ ಇತ್ತು. ಒಂದೊಂದು ಮಾತಿನ ತುದಿಯಿಂದಲೂ ಯಂತ್ರ ಅದನ್ನು ಕೊಯ್ದು ಹಾಕಿತ್ತು. ನೀರಿನ ಘಟಕಕ್ಕೆ ಕೈಯಿಂದ ಕತ್ತರಿಸಿದ್ದರು, ನಮ್ಮದಕ್ಕೆ ಬೇಗ ಬೇಕು ಅಂತ ಯಂತ್ರಕ್ಕೆ ಬಿಟ್ಟಿದ್ದರು.

ಅಷ್ಟು ಹೇಳಿ ಅವರು ಎದ್ದು ನಿಂತು, ಬಾಗಿಲ ಚೌಕಟ್ಟಿನ ಈಚೆಯಿಂದಲೇ ಒಳಗೆ ಕೇಳುವ ಹಾಗೆ ಅಂದರು.

“ಅಮ್ಮಾರ, ತಪ್ಪಾಗೇತ್ರಿ. ಯಂತ್ರ ನನ್ನ ರಿ ನುಂಗೇತ್ರಿ.”

ಒಳಗಿನಿಂದ ಅತ್ತೆಯ ದನಿ ಬಂತು. “ಯಂತ್ರ ನುಂಗ್ತೋ, ನೀ ನುಂಗಿದ್ಯೋ?”

ನನಗೆ ನೆಲ ಸೀಳಬಾರದೇ ಅನ್ನಿಸಿತು. ಕಾಕಾ ಸಿಟ್ಟಾಗಲಿಲ್ಲ. ಎಂದಿನಂತೆ ಎದುರಿನವರ ಮಾತು ಪೂರ್ತಿ ಮುಗಿಯುವ ತನಕ ತಡೆದು, ಆಮೇಲೆ ಹೇಳಿದರು.

“ಅಮ್ಮಾರ, ನಮ್ಮಪ್ಪನ ಡಂಗುರ ನೀವು ಕೇಳೀರಿ. ಅವ ರಿ ಬಿಟ್ಟು ಮಾತಾಡಿದ್ದು ಯಾವತ್ತರ ಕೇಳೀರೇನ್ರಿ?”

ಒಳಗೆ ಹಾಸಿಗೆಯ ಮೇಲೆ ಅತ್ತೆ ಎದ್ದು ಕುಳಿತ ಸದ್ದಾಯಿತು.

“ಇಡೀ ಊರಿಗೆ ರಿ ಹಂಚಿದ್ರಿ ಅಂವ. ಮನಿ ಮನಿಗೆ. ಸಣ್ಣ ಹುಡುಗೂರಿಗೂ. ಅಂವ ಸಾಯೂತನಕ ಅವಂಗ ಯಾರಾದ್ರೂ ರಿ ಅಂದದ್ದು ನಾ ಕೇಳಿಲ್ರಿ. ಅದಕ್ಕ ಅದರ ಬೆಲಿ ನಮ್ಮ ಮನ್ಯಾಗ ಗೊತ್ತೈತ್ರಿ. ಅದನ್ನ ನಾ ನುಂಗಂಗಿಲ್ಲ.”

ಇದನ್ನು ಅವರು ದೂರುವ ಹಾಗೆ ಹೇಳಲಿಲ್ಲ. ನಾಳೆ ಕರೆಂಟ್ ಇರುವುದಿಲ್ಲ ಅಂತ ಹೇಳುವ ಹಾಗೆ ಹೇಳಿದರು. ಆಮೇಲೆ ಅತ್ತೆ, ಅವರಿಗಲ್ಲ, ನನಗೆ ಹೇಳಿದರು. “ಸೊಸಿ, ಸರಿ ಮಾಡಿದ ಮ್ಯಾಲ ಅದನ್ನ ಇದ್ದಲ್ಲೇ ಇಡು.”

ಕಾಕಾ ಗಡಿಯಾರ ಒಯ್ದು ಎಲ್ಲ ಮಾತನ್ನೂ ಹೊಸದಾಗಿ ಹೇಳಿ, ಒಂದೊಂದನ್ನೂ ಕೇಳಿ ಕೇಳಿ ಕೈಯಿಂದಲೇ ಕತ್ತರಿಸಿ ತಂದರು. ಪ್ರತಿ ಮಾತಿನ ಕೊನೆಗೂ ಸ್ವಲ್ಪ ಖಾಲಿ ಬಿಟ್ಟಿದ್ದರು. “ಬಾಲ ಬಿಡಬೇಕ್ರಿ” ಅಂದರು. “ಬಾಲ ಇದ್ರ ರಿ ಉಳೀತೈತಿ.” ಆಮೇಲೆ ಅಂಗಡಿಗೆ ಏನಾದರೂ ಬದಲಿಸಲು ತಂದವರಿಗೆಲ್ಲ ಇದೇ ಮಾತು ಹೇಳುತ್ತಿದ್ದರಂತೆ. ಬಾಲ ಅಂದರೆ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ನನಗೆ ಮಾತ್ರ ಆ ಮಾತು ಅವರ ಇಡೀ ಸ್ವಭಾವದ ಮಾತು ಅನ್ನಿಸುತ್ತಿತ್ತು. ಎದುರಿನವರು ಮಾತು ಮುಗಿಸಿದ ಮೇಲೂ ಅವರು ಒಂದು ಉಸಿರು ತಡೆಯುತ್ತಿದ್ದರು, ಇನ್ನೇನಾದರೂ ಉಳಿದಿದೆಯೋ ಅಂತ. ನಮ್ಮ ಮನೆಯಲ್ಲಿ ನನ್ನ ಮಾತು ಮುಗಿಯುವ ತನಕ ಯಾರೂ ಕಾಯುವುದಿಲ್ಲ. ಅವರ ಅಂಗಡಿಗೆ ಹೋದರೆ ನನ್ನ ಮಾತಿಗೂ ಬಾಲ ಇರುತ್ತಿತ್ತು.

ಹೊಸ ದನಿಯೊಂದಿಗೆ ಅತ್ತೆಗೆ ಹೊತ್ತು ತಿರುಗಿ ಬಂತು. “ಅಮ್ಮಾರ, ಏಳು ಹೊಡೀತ್ರಿ. ಗುಳಗಿ ತಗೋರಿ” ಅಂದರೆ ಮೊದಮೊದಲು ಮುಖ ಗಂಟು ಹಾಕಿಕೊಂಡೇ ತೆಗೆದುಕೊಂಡರು. ಆಮೇಲೆ “ಹ್ಞೂಂ” ಅನ್ನತೊಡಗಿದರು. ಒಂದು ದಿನ “ತಗೊಂಡೆಪಾ” ಅಂದರು. ಒಬ್ಬರೇ ಕುಳಿತವರಿಗೆ ಮಾತಾಡಲು ಒಂದು ದನಿ ಸಿಕ್ಕಿತ್ತು. ಸಕ್ಕರೆ ಹಿಡಿತಕ್ಕೆ ಬಂತು. ಪೂಜೆ ಹೊತ್ತಿಗೆ ಆಗತೊಡಗಿತು. “ಇವತ್ತ ಉಣ್ಣಾಕ ಕೊಟ್ಟಿಲ್ಲ” ಅನ್ನುವುದು ನಿಂತಿತು. ಆ ವರ್ಷ ನಾನು ದೇವರಿಗೆ ಬೇರೆ ಏನೂ ಬೇಡಲಿಲ್ಲ.

ಹೋದ ಸುಗ್ಗಿಯಲ್ಲಿ, ಕಡಲೆ ಕಿತ್ತು ರಾಶಿ ಮಾಡುವ ದಿನಗಳಲ್ಲಿ, ಗಡಿಯಾರದ ಹಿಂದಿನ ಮುಚ್ಚಳ ಸಡಿಲಾಗಿತ್ತು. ಕಾಕಾ ಅದಕ್ಕೊಂದು ಸಣ್ಣ ತಿರುಪು ತಂದಿದ್ದರು. ತಿರುಪು ದೊಡ್ಡದಾಯಿತು. ಕಟ್ಟೆಯ ಮೇಲೆ ಕುಳಿತು ಅದನ್ನು ಕಾನಸಿನಿಂದ ತಿಕ್ಕಿ ತಿಕ್ಕಿ ಸಣ್ಣ ಮಾಡುತ್ತಿದ್ದರು. ಗಡಿಯಾರ ಒಳಗೇ ಇತ್ತು. ಅತ್ತೆಗೆ ಅವರು ಬಂದದ್ದು ಗೊತ್ತಿಲ್ಲ ಎಂದುಕೊಂಡಿದ್ದೆ. ಹನ್ನೆರಡಾಯಿತು.

“ಅಮ್ಮಾರ, ಹನ್ನೆರಡು ಹೊಡೀತ್ರಿ. ಗುಳಗಿ ತಗೊಂಡು ಉಣ್ರಿ” ಅಂತು ಗಡಿಯಾರ.

“ತಗೊಂಡೇನ್ರಿ,” ಅಂದರು ಅತ್ತೆ ಒಳಗಿನಿಂದ. “ನೀವು ಉಂಡ್ರ್ಯಾ?”

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟೆ. ಕಟ್ಟೆಯ ಮೇಲೆ ಕಾನಸಿನ ಸದ್ದು ನಿಂತಿತು. ಕಾಕಾ ತಲೆ ತಗ್ಗಿಸಿ ಕೈಯಲ್ಲಿದ್ದ ತಿರುಪನ್ನು ನೋಡುತ್ತಿದ್ದರು. ಮಫ್ಲರಿನ ತುದಿಯಿಂದ ಕೈ ಒರೆಸಿಕೊಂಡರು, ಕಾರ್ಡ್ ಮುಟ್ಟುವ ಮುಂಚೆ ಒರೆಸಿಕೊಳ್ಳುವ ಹಾಗೆ. ಆಮೇಲೆ, ದೊಡ್ಡ ದನಿಯ ಆ ಮನುಷ್ಯ, ಅಗದಿ ಮೆತ್ತಗೆ ಹೇಳಿದರು.

“ಇನ್ನೂ ಇಲ್ರಿ ಅಮ್ಮಾರ.”

“ಸೊಸೀ,” ಅಂದರು ಅತ್ತೆ. “ಗಡಿಯಾರ ತಿರುಗಿ ಮಾತಾಡಂಗಿಲ್ಲ ಅಂತ ನನಗ ತಿಳೀತೈತಿ. ಕಣ್ಣಿಲ್ಲ, ಮಳ್ಳಿ ಅಲ್ಲ. ಅವರಿಗೆ ತಾಟು ಹಚ್ಚು. ಒಳಗ ಕರಿ.”

‘ಅವರಿಗೆ’ ಅಂದಿದ್ದರು.

ಕಾಕಾ ಒಳಗೆ ಬಂದು ನಮ್ಮ ಪಡಸಾಲೆಯಲ್ಲಿ ಉಂಡರು. ಎರಡು ರೊಟ್ಟಿ, ಬದನೆಕಾಯಿ, ಸ್ವಲ್ಪ ಮೊಸರು. ತಾಟಿನ ಬಾಜೂಕ್ಕೆ ಉಪ್ಪು ಮೆತ್ತಗೆ ಇಟ್ಟೆ. ಅತ್ತೆ ಗೋಡೆಗೆ ಒರಗಿ “ಖಾರ ಆತೇನ್ರಿ?” ಅಂತ ಕೇಳಿದ್ದು, ಅವರು “ಇಲ್ರಿ, ಅಗದಿ ಚಲೋ ಐತ್ರಿ” ಅಂದದ್ದು ನೆನಪಿದೆ. ಕಿಟಕಿಯ ಲೋಟ ಆ ಸಂಜೆಯೇ ತೆಗೆದು ಉಳಿದ ಲೋಟಗಳ ಜೊತೆ ತೊಳೆದಿಟ್ಟೆ. ಅತ್ತೆ ಏನೂ ಅನ್ನಲಿಲ್ಲ. ಈಗ ಅದು ಯಾವುದೆಂದು ನನಗೂ ಗುರುತು ಸಿಗುವುದಿಲ್ಲ.

ಇಷ್ಟನ್ನೂ ಆರಿದ ಒಲೆಯ ಮುಂದೆ ಕುಳಿತು ನೆನೆಸಿಕೊಂಡೆ. ಪರಾತದಲ್ಲಿ ಹಿಟ್ಟು ಒಣಗಿ ಬಿರಿಯುತ್ತಿತ್ತು. ಒಳಗಿನಿಂದ ಅತ್ತೆ ಕರೆದರು.

“ಬಡಿಯೂ ಸಪ್ಪಳ ನಿಂತೈತಿ. ಬಾಜೂಮನಿ ಗಂಗವ್ವ ಏನಂದ್ಲು?”

ನಾನು ಎದ್ದು ಹೋಗಿ ಅವರ ಎದುರು ಕುಳಿತೆ. ಹಿಟ್ಟಿನ ಕೈಯಿಂದಲೇ ಅವರ ಕೈ ಹಿಡಿದೆ. “ಕಾಕಾ ಹೋದ್ರಂತ್ರಿ ಅತ್ತೀ. ಮುಂಜಾನೆ ಎದಿನೋವು ಬಂದಿತ್ತಂತ.”

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಕಾಣದ ಕಣ್ಣು ಗಡಿಯಾರದ ಕಡೆ ತಿರುಗಿತು. ಜಗಲಿಯ ದೀಪ ಇನ್ನೂ ಉರಿಯುತ್ತಿತ್ತು. “ಅದನ್ನ ತಗೀಲೇನ್ರಿ ಇವತ್ತ?” ಅಂತ ಕೇಳಿದೆ. ಕೇಳುವಾಗ ನನಗೆ ಒಳಗೊಳಗೇ ಭಯ. ತೆಗಿ ಅಂದರೆ ಮತ್ತೆ ಹೊತ್ತು ಹೋಗುತ್ತದೆ, ಗುಳಿಗೆ ಹೋಗುತ್ತದೆ, ಈ ಸಲ ಸರಿಮಾಡಿ ಕೊಡುವವರೂ ಇಲ್ಲ.

“ತಡಿ,” ಅಂದರು.

ಇಬ್ಬರೂ ಕಾದೆವು. ಓಣಿಯಲ್ಲಿ ಒಂದು ಬೈಕು ಹೋಯಿತು. ಆಮೇಲೆ ಗಡಿಯಾರ ಮಾತಾಡಿತು. ಏನೂ ಆಗದವರ ಹಾಗೆ, ಬಾವಿಯೊಳಗಿಂದ ಬಂದಂಥ ಆ ದನಿ.

“ಅಮ್ಮಾರ, ಹನ್ನೆರಡು ಹೊಡೀತ್ರಿ. ಗುಳಗಿ ತಗೊಂಡು ಉಣ್ರಿ.”

ಮಾತು ಮುಗಿಯಿತು. ಆಮೇಲೆ ಆ ಸ್ವಲ್ಪ ಖಾಲಿ, ಅವರು ಬಿಟ್ಟ ಬಾಲ. ಅದೂ ಮುಗಿಯುವ ತನಕ ಅತ್ತೆ ತಡೆದರು. ಆಮೇಲೆ ಕೈ ಚಾಚಿ ತಾವೇ ಡಬ್ಬಿ ಹುಡುಕಿ, ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಎರಡೂ ಕೈ ಜೋಡಿಸಿದರು. ಜಗಲಿಯ ಕಡೆಗೋ ಗಡಿಯಾರದ ಕಡೆಗೋ ನನಗೆ ತಿಳಿಯಲಿಲ್ಲ, ಎರಡೂ ಒಂದೇ ದಿಕ್ಕಿನಲ್ಲಿವೆ.

“ತಗೊಂಡೇನ್ರಿ,” ಅಂದರು. “ನೀವು ಹೋಗಿ ಬರ್ರಿ.”

ಸ್ವಲ್ಪ ಹೊತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಹಿಟ್ಟು ಎಷ್ಟು ನಾದೀದಿ?”

“ನಮಗ ಆಗೂವಷ್ಟ ಐತ್ರಿ.”

“ಇನ್ನಷ್ಟು ನಾದು. ಅವರ ಮನ್ಯಾಗ ಇವತ್ತ ಒಲಿ ಹೊತ್ತಂಗಿಲ್ಲ. ಮಣ್ಣು ಮಾಡಿ ಬರೂದರಾಗ ರೊಟ್ಟಿ ಅವರ ಮನ್ಯಾಗ ಇರಬೇಕು. ನೀನ ಒಯ್ಯಿ, ಯಾರ ಕೈಲೇನೂ ಕಳಿಸಬ್ಯಾಡ. ಆ ತಾಯಿಗೆ, ನಮ್ಮ ಅತ್ತಿ ಕಳಿಸ್ಯಾರ, ಉಣ್ರಿ ಅಂತ ಹೇಳು.”

ಒಂದು ಗಳಿಗೆ ಬಿಟ್ಟು ಮತ್ತೆ ಅಂದರು. “ರಿ ಕೇಳುವಂಗ ಹೇಳು.”

ನಾನು ಎದ್ದು ಅಡುಗೆಮನೆಗೆ ಬಂದೆ. ಹಿಟ್ಟಿನ ಡಬ್ಬಿಯಿಂದ ಇನ್ನಷ್ಟು ತೆಗೆದು ಪರಾತಕ್ಕೆ ಹಾಕಿಕೊಂಡೆ, ಕುದಿನೀರು ಸುರಿದೆ, ಒಣಗಿದ ಹಿಟ್ಟನ್ನೂ ಅದರೊಳಗೆ ಸೇರಿಸಿ ನಾದಿದೆ. ಒಲೆ ಹೊತ್ತಿಸಿ, ಹಂಚು ಒರೆಸಿ, ಮೊದಲನೆಯ ರೊಟ್ಟಿ ಬಡಿಯಲು ಕುಳಿತೆ.